ತೋಟಕ್ಕೆ ಯಾವ ಗಾಡಿ ಅಂತ ಕೇಳಿದ ತಮ್ಮನಿಗೆ

ತಮ್ಮಾ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಕೊಯ್ಲಿನ ಗಡಿಬಿಡಿಯಲ್ಲಿ ಉತ್ತರ ಕೊಡಲು ಆಗಲಿಲ್ಲ. ಈಗ ಕಣದಲ್ಲಿ ಕೂತು ಮಾತಾಡುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ. ಆಸಕ್ತಿ ಇಲ್ಲದವರು ಮುಂದಿನ ಮೆಸೇಜಿಗೆ ಹೋಗಿ, ಬೇಜಾರಿಲ್ಲ.

ನೀನು ಕೇಳಿದ್ದು ಇಷ್ಟು. ಮೂಡಿಗೆರೆಯ ಕಾಫಿ ತೋಟದ ಕೆಲಸಕ್ಕೆ ಒಂದು ಗಾಡಿ ಬೇಕು, ಕೈಯಲ್ಲಿ ಆರು ಲಕ್ಷ ಇದೆ. ಮಹೀಂದ್ರದ ಹಳೇ ಥಾರ್ ಜೀಪು, ಮಾರುತಿಯ ಜಿಪ್ಸಿ, ಪಿಕಪ್ ಮೂರರಲ್ಲಿ ಯಾವುದು? ಭಾನುವಾರ ಗುಡ್ಡದ ಕಡೆ ಸುತ್ತುವುದಕ್ಕೂ ಆಗಬೇಕು. ಅಷ್ಟರಲ್ಲಿ ಟೆಕ್ಸಾಸಿನಿಂದ ಭಾವ ಅವರು ಅಲ್ಲಿಯ ಸೈಡ್-ಬೈ-ಸೈಡ್, ಅಂದರೆ ಇಬ್ಬರು ಅಕ್ಕಪಕ್ಕ ಕೂರುವ ಸಣ್ಣ ತೋಟದ ಗಾಡಿಯ ಫೋಟೋ ಹಾಕಿ, "ಇದನ್ನೇ ತಗೋ" ಅಂದುಬಿಟ್ಟರು. ಚಿಕ್ಕಪ್ಪ ಪಿಕಪ್ ಅಂದರು. ಉಳಿದವರೆಲ್ಲ ಥಾರ್, ಥಾರ್ ಅಂತ ಕೂಗಿದರು.

ಮೊದಲು ಭಾವನ ವಿಷಯ ಮುಗಿಸುತ್ತೇನೆ. ಭಾವ, ಆ ಗಾಡಿ ಕೆಟ್ಟದ್ದು ಅಂತ ಅಲ್ಲ. ನಿಮ್ಮಲ್ಲಿ ನೂರಾರು ಎಕರೆ ಜಾಗದೊಳಗೇ ಓಡಾಡುವುದು, ಅದಕ್ಕೆ ಸರಿ. ಇಲ್ಲಿ ಅಂಥ ಗಾಡಿಗಳಲ್ಲಿ ಹೆಚ್ಚಿನವಕ್ಕೆ ರಸ್ತೆಗೆ ಇಳಿಯುವ ನೋಂದಣಿ ಇರುವುದಿಲ್ಲ. ನಮ್ಮ ತೋಟ ಎರಡು ತುಂಡು, ನಡುವೆ ಪಂಚಾಯ್ತಿ ರಸ್ತೆ. ಗೊಬ್ಬರ ತರಲು ಪೇಟೆಗೂ ಹೋಗಬೇಕು. ಇಂಜಿನ್ನಿನಿಂದ ಚಕ್ರಕ್ಕೆ ಶಕ್ತಿ ಕೊಡುವ ಬೆಲ್ಟ್ ಹೋದರೆ ಬೆಂಗಳೂರಿನಿಂದ ಬರುವ ತನಕ ಗಾಡಿ ಶೆಡ್ಡಿನಲ್ಲೇ. ತಮಾಷೆ ಏನು ಗೊತ್ತಾ? 2018ರಲ್ಲಿ ಮಹೀಂದ್ರದವರು ನಮ್ಮ ಹಳೇ ಜೀಪಿನ ಆಕಾರದ್ದೇ ಗಾಡಿಗೆ ರಾಕ್ಸರ್ ಅಂತ ಹೆಸರಿಟ್ಟು, ಡೆಟ್ರಾಯ್ಟ್ ಹತ್ತಿರ ಜೋಡಿಸಿ, ನಿಮ್ಮವರಿಗೇ ತೋಟದ ಗಾಡಿ ಅಂತ ಮಾರಿದರು. ಎರಡೂವರೆ ಲೀಟರ್ ಡೀಸೆಲ್ ಇಂಜಿನ್, ಕಬ್ಬಿಣದ ಮೈ. ಅಮೆರಿಕದ ಜೀಪ್ ಕಂಪನಿಯವರು ನಮ್ಮ ಮುಖ ಕದ್ದಿದ್ದೀರಿ ಅಂತ ಕೇಸು ಹಾಕಿ, ಕೊನೆಗೆ ಅದರ ಮುಂಭಾಗ ಬದಲಿಸಬೇಕಾಯಿತು. ಅಲ್ಲಿಯವರು ಕೊಂಡುಕೊಂಡಿದ್ದನ್ನು ನಾವು ಇಲ್ಲೇ ಹಳೇದರಲ್ಲಿ ಅಗ್ಗವಾಗಿ ತಗೊಳ್ಳಬಹುದು, ಅಲ್ವಾ?

ಈಗ ನಿನ್ನ ವಿಷಯ. ಗಾಡಿ ಹುಡುಕುವ ಮೊದಲು ನಿನ್ನ ರಸ್ತೆ ನೋಡು. ಗೇಟಿನಿಂದ ಕಣದ ತನಕ ಏನೂ ತೊಂದರೆ ಇಲ್ಲ. ಹಳ್ಳ ದಾಟಿದ ಮೇಲೆ ಬರುವ ಆ ತಿರುವಿನ ಏರು, ಆಮೇಲೆ ಕೆರೆ ಪಕ್ಕದ ಕೆಸರು, ಇವೆರಡೇ ಅಲ್ವಾ ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಡುವುದು? ಆ ಎರಡು ಜಾಗಕ್ಕೋಸ್ಕರ ನೀನು ಇಡೀ ವರ್ಷ ದೊಡ್ಡ ಗಾಡಿ ಸಾಕಲು ಹೊರಟಿದ್ದೀಯ. ಏರಿನಲ್ಲಿ ಎರಡು ಗಾಲಿ ಓಡುವಷ್ಟು ಅಗಲಕ್ಕೆ ಕಾಂಕ್ರೀಟ್ ಪಟ್ಟಿ ಹಾಕಿಸು. ಪೂರ್ತಿ ರಸ್ತೆಗೆ ಬೇಡ, ಎರಡು ಪಟ್ಟಿ ಸಾಕು. ಹಸಿ ಇರುವಾಗಲೇ ಅಡ್ಡ ಗೀರು ಎಳೆಸು, ಇಲ್ಲದಿದ್ದರೆ ಪಾಚಿ ಕಟ್ಟಿ ಜಾರುತ್ತದೆ. ಕೆಸರಿನ ಜಾಗಕ್ಕೆ ದಪ್ಪ ಕಲ್ಲಿನ ಸೋಲಿಂಗ್ ಹಾಕಿ, ಮೇಲೆ ಜಲ್ಲಿ. ಅದಕ್ಕೂ ಮೊದಲು ಮೇಲಿನಿಂದ ಬರುವ ನೀರಿಗೆ ಓರೆಯಾಗಿ ಅಡ್ಡ ಚರಂಡಿ ತೆಗೆಸು. ನೀರು ರಸ್ತೆಯ ಮೇಲೆ ಉದ್ದಕ್ಕೆ ಹರಿದರೆ ಒಂದೇ ಮಳೆಗಾಲಕ್ಕೆ ಕೊರಕಲು. ಆರು ಲಕ್ಷದಲ್ಲಿ ಒಂದು ಲಕ್ಷ ಇದಕ್ಕೆ ತೆಗೆದಿಡು. ಈ ಒಂದು ಲಕ್ಷ ಮಾಡುವ ಕೆಲಸವನ್ನು ಯಾವ ಥಾರೂ ಮಾಡುವುದಿಲ್ಲ.

ಇಷ್ಟಾದರೂ ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಎಳೆತ ಸಿಗುವ ಗಾಡಿ ಬೇಕಾ? ನಿನ್ನ ತೋಟಕ್ಕೆ ಬೇಕು. ಅದಕ್ಕಿಂತ ಜಾಸ್ತಿ ಲೋ ಗೇರ್ ಬೇಕು. ಎಲ್ಲರೂ ನಾಲ್ಕು ಚಕ್ರ ಎಳೆಯುವುದನ್ನೇ ಹೇಳುತ್ತಾರೆ, ಲೋ ಗೇರಿನ ಮಾತು ಯಾರೂ ಎತ್ತುವುದಿಲ್ಲ. ಗೇರ್ ಬಾಕ್ಸಿನ ಹಿಂದೆ ಇನ್ನೊಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅದರ ಲಿವರ್ ಲೋಗೆ ಹಾಕಿದರೆ ಗಾಡಿ ಎರಡು, ಎರಡೂವರೆ ಪಟ್ಟು ನಿಧಾನ, ಎಳೆಯುವ ಶಕ್ತಿಯೂ ಅಷ್ಟೇ ಪಟ್ಟು ಹೆಚ್ಚು. ಹತ್ತುವಾಗ ಕ್ಲಚ್ ಸುಡುವುದಿಲ್ಲ. ಅದರ ನಿಜವಾದ ಬೆಲೆ ಇಳಿಯುವಾಗ ಗೊತ್ತಾಗುತ್ತದೆ. ಹಸಿ ಹಣ್ಣಿನ ಚೀಲ ತುಂಬಿಕೊಂಡು ಒದ್ದೆ ಮಣ್ಣಿನ ಇಳಿಜಾರಿನಲ್ಲಿ ಬ್ರೇಕ್ ತುಳಿದರೆ ಚಕ್ರ ಕಚ್ಚಿ ಗಾಡಿ ಜಾರುತ್ತದೆ. ಲೋ ಫಸ್ಟಿನಲ್ಲಿ ಹಾಕಿ ಬ್ರೇಕಿನಿಂದ ಕಾಲು ತೆಗೆದರೆ ಇಂಜಿನ್ನೇ ಹಿಡಿದುಕೊಂಡು ಇಳಿಸುತ್ತದೆ. ಕೊಡಚಾದ್ರಿ ಹತ್ತುವ ಜೀಪುಗಳನ್ನು ನೋಡಿದ್ದೀಯಲ್ಲ, ಮಡಿಕೇರಿ ಹತ್ತಿರ ಮಾಂದಲ್‌ಪಟ್ಟಿಗೆ ಹೋಗುವ ಜೀಪುಗಳನ್ನೂ ನೋಡಿದ್ದೀಯ. ಅಲ್ಲಿ ಸ್ಪೀಡ್ ಯಾರಿಗೆ ಬೇಕು? ಆ ಡ್ರೈವರುಗಳು ನಂಬುವುದು ಲೋ ಗೇರನ್ನೇ.

ಒಂದು ಎಚ್ಚರಿಕೆ. ಈ ಹಳೇ ಗಾಡಿಗಳಲ್ಲಿ ಟಾರು ರಸ್ತೆಯ ಮೇಲೆ ಫೋರ್ ವೀಲ್ ಹಾಕಿ ಓಡಿಸಬಾರದು. ತಿರುಗುವಾಗ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗಬೇಕು. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ. ಟಾರಿನಲ್ಲಿ ಜಾರುವುದಿಲ್ಲ, ಒಳಗೆ ಹಲ್ಲುಗಳು ಬಿಗಿದುಕೊಂಡು ಪೆಟ್ಟಿಗೆ ಹಾಳಾಗುತ್ತದೆ.

ಸರಿ, ಯಾವ ಗಾಡಿ? ಜಿಪ್ಸಿ ನನಗೂ ಇಷ್ಟ. 1985ರಲ್ಲಿ ಬಂದ ಗಾಡಿ, ಇವತ್ತಿಗೂ ಕೆಸರಿನಲ್ಲಿ ಅದನ್ನು ಮೀರಿಸುವುದು ಕಷ್ಟ. ತೂಕ ಒಂದು ಟನ್ ಆಸುಪಾಸು, ಹಾಗಾಗಿ ಹೂತುಕೊಳ್ಳುವುದು ಕಡಿಮೆ. ಹೂತರೂ ನಾಲ್ಕು ಆಳು ಎತ್ತಿ ಇಡುತ್ತಾರೆ. ಆದರೆ ಈಚಿನ ಜಿಪ್ಸಿಯಲ್ಲೂ ಇರುವುದು 1.3 ಲೀಟರ್ ಪೆಟ್ರೋಲ್ ಇಂಜಿನ್. ಟಾರ್ಕ್, ಅಂದರೆ ಎಳೆಯುವ ಬಲ, 103 ನ್ಯೂಟನ್ ಮೀಟರ್, ಅದೂ ಇಂಜಿನ್ ತಿರುಗುವ ವೇಗ 4500 ಆರ್‌ಪಿಎಮ್‌ಗೆ ಏರಿಸಿದ ಮೇಲೆ. ಖಾಲಿ ಗಾಡಿಯಲ್ಲಿ ಗುಡ್ಡ ಸುತ್ತಲು ಭರ್ಜರಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ 200 ಲೀಟರಿನ ಎರಡು ಬ್ಯಾರೆಲ್ ಇಟ್ಟರೆ ನಾನೂರು ಕಿಲೋ ಆಯಿತು, ಮೇಲೆ ಪಂಪು, ಪೈಪು, ಇಬ್ಬರು ಆಳು. ಆಗ ಜಿಪ್ಸಿ ಅಳುತ್ತದೆ. ಸೇನೆಯ ಹರಾಜಿನಿಂದ ಬಂದ ಜಿಪ್ಸಿ ಅಗ್ಗಕ್ಕೆ ಕೊಡುತ್ತೇನೆ ಅಂತ ಯಾರಾದರೂ ಬಂದರೆ, ಮೊದಲು ಕಾಗದ ತೋರಿಸು ಅನ್ನು.

ಹಳೇ ಥಾರ್ ಅಂದರೆ 2010ರಿಂದ 2020ರ ತನಕ ಬಂದದ್ದು. ಅದರಲ್ಲಿ ಎರಡು ಜಾತಿ: ಎಲೆಕ್ಟ್ರಾನಿಕ್ಸ್ ಇರುವ ಸಿಆರ್‌ಡಿಇ ಡೀಸೆಲ್, ಅದಿಲ್ಲದ ಹಳೇ ಬಗೆಯ ಡಿಐ ಡೀಸೆಲ್. ಸಿಆರ್‌ಡಿಇ ಇಂಜಿನ್‌ದು 105 ಕುದುರೆ ಶಕ್ತಿ, 247 ನ್ಯೂಟನ್ ಮೀಟರ್ ಟಾರ್ಕ್, ಅದೂ 1800 ಆರ್‌ಪಿಎಮ್‌ನಲ್ಲೇ ಸಿಗುತ್ತದೆ. ಎಳೆತ ಅಂದರೆ ಅದು. ಆದರೆ ಒಳ್ಳೆಯ ಗಾಡಿ ನಿನ್ನ ಆರು ಲಕ್ಷಕ್ಕೆ ಸಿಗುವುದು ಕಷ್ಟ. ಸಿಕ್ಕಿದರೂ ರಿಪೇರಿಗೆ ಕೈ ಖಾಲಿ. ಇನ್ನೊಂದು ಡಿಐ ಇಂಜಿನ್‌ದು. ಶಕ್ತಿ ಕಡಿಮೆ, ಸದ್ದು ಜಾಸ್ತಿ, ಎಲೆಕ್ಟ್ರಾನಿಕ್ಸ್ ಇಲ್ಲ. ಬಣಕಲ್‌ನಲ್ಲೂ ರಿಪೇರಿ ಆಗುತ್ತದೆ, ಬಾಳೆಹೊನ್ನೂರಿನಲ್ಲೂ ಆಗುತ್ತದೆ. ಹಾಂ, ಡಿಐ ಥಾರ್‌ನಲ್ಲಿ ಟೂ ವೀಲ್‌ನದೂ ಇದೆ. ಹೊರಗಿನಿಂದ ನೋಡಿದರೆ ಒಂದೇ ತರ. ಒಳಗೆ ಎರಡನೇ ಲಿವರ್ ಇದೆಯಾ ಅಂತ ಕಣ್ಣಾರೆ ನೋಡದೆ ಅಡ್ವಾನ್ಸ್ ಕೊಡಬೇಡ. ಮಹೀಂದ್ರದ ಮೇಜರ್ ಜೀಪಿನಲ್ಲೂ ಇದೇ ಕಥೆ, ಸುಮಾರು ಎಲ್ಲವೂ ಟೂ ವೀಲ್.

ಜಿಮ್ನಿ, ಗೂರ್ಖಾ ತರದ ಹೊಸ ಫೋರ್ ವೀಲ್ ಗಾಡಿಗಳನ್ನೆಲ್ಲ ಬಿಡು. ಜಿಮ್ನಿಯೇ ಹನ್ನೆರಡು ಲಕ್ಷದ ಮೇಲೆ.

ನನ್ನ ಆಯ್ಕೆ ಕೇಳಿದರೆ, ಡಿಐ ಇಂಜಿನ್ ಇರುವ ಫೋರ್ ವೀಲ್ ಥಾರ್. ಅದು ಸಿಗದಿದ್ದರೆ ಮಹೀಂದ್ರದ ಹಳೇ ಜೀಪು ಎಂಎಂ 540. ಮೂಲ 540ಯಲ್ಲಿ ಪೂಜೋ ಇಂಜಿನ್, 2.1 ಲೀಟರ್. ನಿಧಾನದ ಗಾಡಿ, ಬೆಟ್ಟದ ಕೆಲಸಕ್ಕೆ ಸಾಕು. ಯಾವುದೇ ಆಗಲಿ, ಯಾವುದೋ ತೋಟದವರ ಕೈಯಲ್ಲೇ ಇದ್ದ ಗಾಡಿ ನೋಡು. ಬೆಂಗಳೂರಿನಲ್ಲಿ ಬಣ್ಣ ಹೊಡೆದು, ದಪ್ಪ ಟೈರು, ಲೈಟು ಹಾಕಿ ಮಾರುವ ಗಾಡಿ ಬೇಡ. ಆ ಟೈರಿಗೂ ಲೈಟಿಗೂ ಸೇರಿಸಿಯೇ ರೇಟು ಹೇಳುತ್ತಾರೆ.

ಪಿಕಪ್ ತಗೋ ಅಂತ ಚಿಕ್ಕಪ್ಪ ಹೇಳಿದ್ದು ಅರ್ಧ ಸರಿ. ಬೊಲೆರೋ ಪಿಕಪ್, ಕ್ಯಾಂಪರ್ ಎರಡರಲ್ಲೂ ಫೋರ್ ವೀಲ್ ಬರುತ್ತದೆ, ಟನ್ನುಗಟ್ಟಲೆ ಹೊರುತ್ತವೆ. ಆದರೆ ಹಳದಿ ಬೋರ್ಡಿನ ಸರಕು ಗಾಡಿಯಾದರೆ ಹಳೇದಾದ ಮೇಲೆ ಪ್ರತಿ ವರ್ಷ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟು, ಅಂದರೆ ಎಫ್‌ಸಿ ಮಾಡಿಸಬೇಕು. ಅದಕ್ಕಿಂತ ಮುಖ್ಯ, ಹಿಂದೆ ಆಳುಗಳನ್ನು ಕೂರಿಸಿಕೊಂಡು ಹೋಗುವಂತಿಲ್ಲ. ಎಲ್ಲರೂ ಕೂರಿಸುತ್ತಾರೆ, ಗೊತ್ತು. ಏನಾದರೂ ಆದರೆ ಇನ್ಶೂರೆನ್ಸ್ ಕೈ ಎತ್ತುತ್ತದೆ, ನೀನೇ ಕಟ್ಟಬೇಕು. ಕೊಯ್ಲಿನ ತಿಂಗಳುಗಳಲ್ಲಿ ಲೋಡು ಜಾಸ್ತಿ ಇರುವ ದಿನ ಬಾಡಿಗೆ ಪಿಕಪ್ ಕರೆಸು. ವರ್ಷಪೂರ್ತಿ ಸಾಕುವುದಕ್ಕಿಂತ ಅಗ್ಗ. ಗಿಡಗಳ ಸಾಲಿನೊಳಗೆ ಜೀಪೂ ಹೋಗುವುದಿಲ್ಲ, ಪಿಕಪ್ಪೂ ಹೋಗುವುದಿಲ್ಲ. ಅಲ್ಲಿಗೆ ಮೋಟೋಕಾರ್ಟೇ ಸರಿ, ಅಡಿಕೆ ತೋಟದವರು ಇಟ್ಟುಕೊಂಡಿರುತ್ತಾರಲ್ಲ, ಇಂಜಿನ್ ಇರುವ ತಳ್ಳುಗಾಡಿ. ಸಹಾಯಧನ ಏನಾದರೂ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳು. ಸಣ್ಣ ಟ್ರಾಕ್ಟರ್ ಬೇಡ ಅನ್ನುತ್ತೇನೆ. ನಿನ್ನ ಇಳಿಜಾರಿನಲ್ಲಿ ತುಂಬಿದ ಟ್ರೈಲರ್ ಹಿಂದಿನಿಂದ ತಳ್ಳಿದರೆ ಟ್ರಾಕ್ಟರ್ ಅಡ್ಡ ತಿರುಗುತ್ತದೆ. ಬಯಲುಸೀಮೆಯಲ್ಲಿ ಅದು ರಾಜ, ಇಲ್ಲಿ ಭಯ.

ಈಗ ಕಾಗದ. ಇಲ್ಲಿ ಅವಸರ ಮಾಡಬೇಡ. ಜೀಪುಗಳಲ್ಲಿ ಚಾಸಿಸ್ (ಅಡಿಯ ಕಬ್ಬಿಣದ ಚೌಕಟ್ಟು) ಒಂದರದ್ದು, ಇಂಜಿನ್ ಇನ್ನೊಂದರದ್ದು, ಆರ್‌ಸಿ ಮೂರನೆಯದರದ್ದು ಅನ್ನುವುದು ಮಾಮೂಲು. ಚಾಸಿಸ್ ಮೇಲೆ ಕೊರೆದಿರುವ ನಂಬರನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ಓದು, ಆರ್‌ಸಿ ಜೊತೆ ಅಕ್ಷರ ಅಕ್ಷರ ಹೋಲಿಸು. ಇಂಜಿನ್ ಬದಲಿಸಿದ್ದರೆ ಅದು ಆರ್‌ಸಿಯಲ್ಲಿ ಏರಿರಬೇಕು. ಕಂಪನಿ ಕೊಟ್ಟ ಮೂಲ ರೂಪವನ್ನೇ ಬದಲಿಸಿದ ಗಾಡಿಗೆ ನೋಂದಣಿ ಇಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ. 2022ರಿಂದ ಅದರ ಶುಲ್ಕವೇ 5000 ರೂಪಾಯಿ, ಇಪ್ಪತ್ತು ವರ್ಷ ದಾಟಿದ ಗಾಡಿಗೆ 2025ರಲ್ಲಿ ಅದನ್ನೂ ದುಪ್ಪಟ್ಟು ಮಾಡಿದರು. ಗ್ರೀನ್ ಟ್ಯಾಕ್ಸ್ ಬೇರೆ. ಅವಧಿ ಮುಗಿಯಲು ಎಷ್ಟು ದಿನ ಇದೆ ಅಂತ ನೋಡಿಯೇ ರೇಟು ಮಾತಾಡು. ಹತ್ತು ವರ್ಷ ಆದ ಡೀಸೆಲ್ ಗಾಡಿ ಓಡಿಸಬಾರದು ಅನ್ನುವ ದೆಹಲಿಯ ರೂಲು ನಮ್ಮಲ್ಲಿಲ್ಲ, ಆ ಗಾಬರಿ ಬೇಡ.

ಗಾಡಿ ನೋಡುವ ರೀತಿ ಹೇಳುತ್ತೇನೆ. ಸ್ಟಾರ್ಟ್ ಮಾಡಿದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡು. ಹೊಗೆ ಬುಸ್ಸೆಂದು ಬಂದರೆ ಇಂಜಿನ್ ಕೆಲಸ ಇದೆ. ಅಡಿಯಲ್ಲಿ ಮಲಗಿ ಕಮಾನ್ ಪ್ಲೇಟು (ಸ್ಪ್ರಿಂಗ್ ಪಟ್ಟಿ) ಚಾಸಿಸ್ಸಿಗೆ ಸೇರುವ ಜಾಗ ನೋಡು. ತುಕ್ಕು, ಹೊಸ ವೆಲ್ಡಿಂಗ್ ಎರಡೂ ಅಲ್ಲೇ ಅಡಗಿರುತ್ತವೆ. ಎರಡು ಚಕ್ರಗಳ ನಡುವಿನ ಗೇರ್ ಉಂಡೆಯ (ಹೌಸಿಂಗ್) ಆಯಿಲ್ ಸ್ವಲ್ಪ ಇಳಿಸಿ ನೋಡು, ಹಾಲಿನ ಬಣ್ಣ ಇದ್ದರೆ ಹಳ್ಳದ ನೀರು ಒಳಗೆ ಹೋಗಿದೆ. ಆಮೇಲೆ ಇಳಿಜಾರಿಗೆ ತಗೊಂಡು ಹೋಗಿ ಲೋ ಫಸ್ಟಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಸು. ಬ್ರೇಕ್ ಮೇಲೆ ಕಾಲು ಸಿದ್ಧ ಇರಲಿ. ಹಳೇ ಪೆಟ್ಟಿಗೆಯಾದರೆ ಲೋಡು ಬಿದ್ದಾಗ ಲಿವರ್ ತಾನೇ ನ್ಯೂಟ್ರಲ್‌ಗೆ ಹಾರುತ್ತದೆ. ತೋಟದ ಇಳಿಜಾರಿನಲ್ಲಿ ಲೋಡಿನ ಜೊತೆ ಹೀಗಾದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಾರಿದರೆ ಆ ಗಾಡಿಗೆ ಅಲ್ಲೇ ಕೈ ಮುಗಿದು ಬಾ, ಬೆಲೆ ಇಳಿಸಿದರೂ ಬೇಡ.

ಟೈರಿಗೆ ಬೇರೆ ದುಡ್ಡು ಇಟ್ಟುಕೋ. ಕೆಸರು ಹಿಡಿಯುವ ಉಬ್ಬು ಹಲ್ಲಿನ ಬಟನ್ ಟೈರ್ ಹಾಕಿಸು, ತೋರಿಕೆಗೆ ಅಗಲದ್ದು ಬೇಡ. ನಮ್ಮ ಕೆಂಪು ಮಣ್ಣಿಗೆ ಸಪೂರ ಟೈರೇ ಸರಿ, ಮೇಲಿನ ಕೆಸರು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಜೋರು ಮಳೆಗೆ ಚಕ್ರಕ್ಕೆ ಸುತ್ತುವ ಎರಡು ಚೈನು ಸೀಟಿನಡಿ ಇರಲಿ.

ಗುಡ್ಡ ಸುತ್ತುವುದು ಕಂದಾಯ ರಸ್ತೆ, ಎಸ್ಟೇಟ್ ರಸ್ತೆಗಳಲ್ಲಿ ಇರಲಿ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸಿದರೆ ಕೇಸು ಬೀಳುತ್ತದೆ, ಗಾಡಿಯೂ ಅರಣ್ಯ ಇಲಾಖೆಯ ಅಂಗಳದಲ್ಲಿ ನಿಲ್ಲುತ್ತದೆ. ಹುಲ್ಲುಗಾವಲಿನಲ್ಲಂತೂ ಇಳಿಸಲೇಬೇಡ. ಆ ಗಾಲಿ ಗುರುತಿನಲ್ಲಿ ನೀರು ಹರಿದು ಗುಡ್ಡವೇ ಕೊರೆದುಹೋಗುತ್ತದೆ.

ನೀನು ಕಳಿಸಿದ, ಕಳಸ ಊರಿನಲ್ಲಿ ಮಾರಾಟಕ್ಕಿರುವ ಗಾಡಿಯ ಫೋಟೋದಲ್ಲಿ ಎರಡನೇ ಲಿವರ್ ಕಾಣುತ್ತಿಲ್ಲ, ಒಳಗಿನ ಫೋಟೋ ಇನ್ನೊಂದು ತರಿಸು. ಇದ್ದರೆ ಭಾನುವಾರ ನಾನೂ ಬರುತ್ತೇನೆ, ನಮ್ಮ ಮೆಕ್ಯಾನಿಕ್ಕನ್ನೂ ಕರೆದುಕೊಂಡು ಬರುತ್ತೇನೆ. ಗಾಡಿ ಮಾರುವವರಿಗೆ ಹಿಂದಿನ ದಿನವೇ ಹೇಳಿಬಿಡು, ನಾವು ಬರುವ ತನಕ ಇಂಜಿನ್ ಸ್ಟಾರ್ಟ್ ಮಾಡಬಾರದು ಅಂತ. ಚಳಿಗೆ ಮೊದಲ ಸಲ ಹೇಗೆ ಏಳುತ್ತದೆ ಅಂತ ನೋಡಬೇಕು.