ಮೊಬೈಲಿನಲ್ಲಿ ಕಾಣುವ ಓಜೋನ್ ಅಂಕಿ ನಮ್ಮ ತೋಟದ್ದೇನಾ?

ಮಳೆಪುಸ್ತಕ, ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದು ರೋಬಸ್ಟಾ ಕಾಫಿ ತೋಟ. ಮಾವನವರ ಕಾಲದಿಂದ ಮಳೆ ಲೆಕ್ಕದ ಪುಸ್ತಕ ಇದೆ. ಈಗ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಬರೆಯುವ ಕೆಲಸ ನನ್ನದು.

ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆಗೆ ಕಾಯುತ್ತಾ ಹವಾಮಾನದ ಆ್ಯಪ್ ನೋಡುತ್ತಿದ್ದೆ. ನಮ್ಮ ಊರಿನ ಹೆಸರಿನ ಕೆಳಗೆ 'ಮುಖ್ಯ ಮಾಲಿನ್ಯ: ಓಜೋನ್' ಎಂದು ಬಂತು. ಮಧ್ಯಾಹ್ನ ಏರುತ್ತದೆ, ಬೆಳಿಗ್ಗೆ ಇಳಿದಿರುತ್ತದೆ. ಇಲ್ಲಿ ಯಾವ ಫ್ಯಾಕ್ಟರಿ ಇದೆ ಹೇಳಿ? ಈ ಅಂಕಿ ಉಪಗ್ರಹದಿಂದ ಬರುತ್ತದೆಯಾ? ಆನ್‌ಲೈನಲ್ಲಿ ಒಂದು ಓಜೋನ್ ಮೀಟರ್ ತರಿಸಿ ಮಳೆಮಾಪಕದ ಪಕ್ಕದಲ್ಲೇ ಇಡೋಣ ಅಂತ ಇದ್ದೇನೆ. ತಿಳಿದವರು ಹೇಳಿ.

ನಾಪೋಕ್ಲು ಹುಡುಗ

ಅಕ್ಕ, ಓಜೋನ್ ಇದ್ದರೆ ಒಳ್ಳೆಯದೇ ಅಲ್ವಾ? ಬಿಸಿಲಿನಿಂದ ಕಾಪಾಡುತ್ತೆ ಅಂತ ಶಾಲೆಯಲ್ಲಿ ಓದಿದ್ದೇವೆ. ಮಡಿಕೇರಿ ಗಾಳಿ ಚೊಕ್ಕ ಅಂತ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಸುಮ್ನೆ ದುಡ್ಡು ಹಾಕಬೇಡಿ.

ಟೆಫ್ಲಾನ್ ಟ್ಯೂಬ್, ಕುಶಾಲನಗರ

ದುಡ್ಡು ಹಾಕಬೇಡಿ ಅನ್ನುವುದನ್ನು ನಾನೂ ಒಪ್ಪುತ್ತೇನೆ, ಆದರೆ ಕಾರಣ ಬೇರೆ. ಬೆಂಗಳೂರಿನಲ್ಲಿ ಗಾಳಿ ಅಳೆಯುವ ಯಂತ್ರಗಳ ಸರ್ವಿಸ್ ನೋಡಿಕೊಳ್ಳುತ್ತಿದ್ದವನು ನಾನು.

ತಮ್ಮ ಹೇಳಿದ ಓಜೋನ್ ತುಂಬಾ ಮೇಲಿನದು. ಒಟ್ಟು ಓಜೋನಿನಲ್ಲಿ ಸುಮಾರು ಶೇ. 90 ಅಲ್ಲೇ ಇದೆ. ಉಪಗ್ರಹ ಮೇಲಿಂದ ಕೆಳಕ್ಕೆ ಗಾಳಿಯ ಇಡೀ ಕಂಬವನ್ನು ಅಳೆದು, ಅದರಲ್ಲಿ ಒಟ್ಟು ಎಷ್ಟು ಓಜೋನ್ ಇದೆ ಅಂತ ಡಾಬ್ಸನ್ ಎಂಬ ಅಳತೆಯಲ್ಲಿ ಕೊಡುತ್ತದೆ. ನಾವು ಉಸಿರಾಡುವುದು ಆ ಕಂಬದ ತಳದ ಚೂರನ್ನು ಮಾತ್ರ. 2017ರಲ್ಲಿ ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹದ ಟ್ರೋಪೋಮಿ ಉಪಕರಣ ಇದೆಯಲ್ಲ, ಅದರ ಅಳತೆಯಿಂದ ಮೇಲಿನ ಭಾಗ ಕಳೆದು, ನಮ್ಮಂಥ ಉಷ್ಣವಲಯಕ್ಕೆ ಕೆಳಗಿನ ಓಜೋನ್ ಎಷ್ಟು ಅಂತಲೂ ತೆಗೆಯುತ್ತಾರೆ. ಆದರೆ ಅದರ ಒಂದೊಂದು ಚೌಕ ಅರ್ಧ ಡಿಗ್ರಿಗೆ ಒಂದು ಡಿಗ್ರಿ, ಅಂದರೆ ಸುಮಾರು 55 ಕಿ.ಮೀ.ಗೆ 110 ಕಿ.ಮೀ. ನಮ್ಮ ಜಿಲ್ಲೆಯೇ 4,102 ಚದರ ಕಿ.ಮೀ. ವಿಸ್ತೀರ್ಣದಲ್ಲಿ ಅದಕ್ಕಿಂತ ಚಿಕ್ಕದು!

ಹತ್ತಿರದಲ್ಲಿ ಯಂತ್ರ ಇಲ್ಲದ ಊರಿಗೆ ಆ್ಯಪ್ ತೋರಿಸುವುದು ಸಾಮಾನ್ಯವಾಗಿ ಕಂಪ್ಯೂಟರ್ ಹಾಕಿದ ಲೆಕ್ಕ. ಉದಾಹರಣೆಗೆ ಯುರೋಪಿನ ಕೊಪರ್ನಿಕಸ್ ಎಂಬ ವಾಯುಮಂಡಲ ಸೇವೆಯವರ ಜಾಗತಿಕ ಮುನ್ಸೂಚನೆಯ ಚೌಕ ಸುಮಾರು 40 ಕಿ.ಮೀ. ನಿಮ್ಮ ತೋಟ, ಮಡಿಕೇರಿ ಪೇಟೆ ಎರಡೂ ಒಂದೇ ಚೌಕದೊಳಗೆ ಬಂದರೂ ಬರಬಹುದು.

'ಮುಖ್ಯ ಮಾಲಿನ್ಯ' ಅಂದರೆ ಗಾಬರಿಯಾಗಬೇಡಿ. ಇರುವುದರಲ್ಲಿ ಯಾವುದರ ಸೂಚ್ಯಂಕ ಮೇಲಿದೆಯೋ ಅದರ ಹೆಸರು ಹಾಕುತ್ತಾರೆ, ಅಷ್ಟೇ. ದೂಳು, ಹೊಗೆ ಕಡಿಮೆ ಇರುವ ಊರಿನಲ್ಲಿ ಓಜೋನ್ ತಾನು ಸಾಧಾರಣವಾಗಿದ್ದರೂ ಮೊದಲ ಸ್ಥಾನಕ್ಕೆ ಬರುತ್ತದೆ.

ಇನ್ನು ಫ್ಯಾಕ್ಟರಿ ಮಾತು. ಓಜೋನನ್ನು ಯಾವ ಚಿಮಣಿಯೂ ನೇರವಾಗಿ ಬಿಡಬೇಕಿಲ್ಲ. ವಾಹನಗಳ ನೈಟ್ರೋಜನ್ ಆಕ್ಸೈಡು, ಪೆಟ್ರೋಲ್ ಆವಿಯಂಥ ಅನಿಲಗಳು ಬಿಸಿಲಿಗೆ ಸಿಕ್ಕಿ ಅದು ಹುಟ್ಟುತ್ತದೆ. ಪೆಟ್ರೋಲ್ ಆವಿಯ ಬದಲು ನೀಲಗಿರಿಯಂಥ ಮರಗಳು ಬಿಡುವ ಐಸೊಪ್ರೀನ್ ಅನಿಲವಾದರೂ ಸಾಕು. ಅದಕ್ಕೇ ಮಧ್ಯಾಹ್ನದ ಏರಿಕೆ. ತಮಾಷೆ ಏನೆಂದರೆ, ಪೇಟೆಯ ರಸ್ತೆಯಲ್ಲಿ ವಾಹನದ ಹೊಸ ಹೊಗೆಯೇ ಓಜೋನನ್ನು ತಿಂದುಬಿಡುತ್ತದೆ. ಗಾಳಿ ಬೀಸುವ ದಿಕ್ಕಿನ ಹಳ್ಳಿಯಲ್ಲಿ ಪೇಟೆಗಿಂತ ಜಾಸ್ತಿ ಇರುವುದುಂಟು.

ಮೀಟರ್ ವಿಷಯ. ಮಳೆಯಲ್ಲಾದರೆ ಪ್ರತಿ ತೋಟಕ್ಕೂ ಒಂದು ಮಾಪಕ ಬೇಕೇ ಬೇಕು. ನಿಮಗೆ ಹೂ ಮಳೆ ಬಂದು ಬೇಲಿಯಾಚೆ ಹನಿ ಬೀಳದಿರಬಹುದು. ಓಜೋನ್ ಹಾಗಲ್ಲ. ನೆಲದಿಂದ ಸ್ವಲ್ಪ ಮೇಲಿನ ಗಾಳಿಯಲ್ಲಿ ವಾರಗಟ್ಟಲೆ ಉಳಿದು ನೂರಾರು ಕಿ.ಮೀ. ಸಾಗುತ್ತದೆ. ದೊಡ್ಡ ಪ್ರದೇಶಕ್ಕೆ ಕೆಲವೇ ಒಳ್ಳೆಯ ಯಂತ್ರ ಇಟ್ಟು, ನಡುವಿನದನ್ನು ಉಪಗ್ರಹ ಮತ್ತು ಲೆಕ್ಕದಿಂದ ತುಂಬಿಸುವುದು ಇದೇ ಧೈರ್ಯದಿಂದ. ಅಗ್ಗದ ಮೀಟರುಗಳು ನೈಟ್ರೋಜನ್ ಡೈಆಕ್ಸೈಡನ್ನೂ ಓಜೋನ್ ಅಂತ ಓದುತ್ತವೆ. ನಮ್ಮ ಜುಲೈ ತಿಂಗಳ ತೇವಕ್ಕೆ ದಿಕ್ಕು ತಪ್ಪುತ್ತವೆ. ಸರಿಯಾದ ಯಂತ್ರ 254 ನ್ಯಾನೋಮೀಟರಿನ ಅತಿನೇರಳೆ ಬೆಳಕು ಹಾಯಿಸಿ ಅಳೆಯುತ್ತದೆ. ಗಾಳಿ ಎಳೆಯುವ ಟ್ಯೂಬೂ ಟೆಫ್ಲಾನಿನಂಥದ್ದೇ ಇರಬೇಕು. ಮಾಮೂಲಿ ರಬ್ಬರ್ ಹಾಕಿದರೆ ಓಜೋನ್ ದಾರಿಯಲ್ಲೇ ಖಾಲಿ.

ಮಡಿಕೇರಿಯಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರ ಇದೆ. ಕೇಂದ್ರ ಮಂಡಳಿಯ ಜಾಲತಾಣದಲ್ಲಿ ಅದರ ಅಂಕಿ ಸಿಗುತ್ತದೆ. ಎಂಟು ಗಂಟೆಯ ಸರಾಸರಿ ನೋಡಿ. ನಮ್ಮ ದೇಶದ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಆ್ಯಪ್ ಪಿಪಿಬಿಯಲ್ಲಿ (ನೂರು ಕೋಟಿ ಪಾಲಿನಲ್ಲಿ ಎಷ್ಟು ಪಾಲು ಅನ್ನುವ ಲೆಕ್ಕ) ಕೊಟ್ಟರೆ ಹೆಚ್ಚುಕಡಿಮೆ ಎರಡರಿಂದ ಗುಣಿಸಿ.

ಮಳೆಪುಸ್ತಕ, ಸಿದ್ದಾಪುರ

ತುಂಬಾ ಥ್ಯಾಂಕ್ಸ್ ಅಣ್ಣ. ಮೀಟರ್ ಬೇಡ, ಮಡಿಕೇರಿ ಅಂಕಿಗೆ ಪುಸ್ತಕದಲ್ಲಿ ಒಂದು ಕಾಲಂ ಎಳೆಯುತ್ತೇನೆ. ಇನ್ನೊಂದು ಅನುಮಾನ. ರಸ್ತೆ ಪಕ್ಕದ ಗಿಡಗಳ ಎಲೆಯಲ್ಲಿ ಚುಕ್ಕೆ ಬಂದಿದೆ. ಓಜೋನ್ ಇರಬಹುದಾ?

ಟೆಫ್ಲಾನ್ ಟ್ಯೂಬ್, ಕುಶಾಲನಗರ

ಮೊದಲು ಎಲೆ ಮಗುಚಿ ನೋಡಿ ಅಕ್ಕ. ಅಡಿಯಲ್ಲಿ ಕಿತ್ತಳೆ ಪುಡಿ ಇದ್ದರೆ ಅದು ಎಲೆ ತುಕ್ಕು ರೋಗ, ಓಜೋನನ್ನು ಬೈಯಬೇಡಿ. ಅಗಲ ಎಲೆಯ ಗಿಡಗಳಲ್ಲಿ ಓಜೋನ್ ಪೆಟ್ಟು ಸಾಮಾನ್ಯವಾಗಿ ಮೇಲ್ಭಾಗದಲ್ಲಿ, ನರಗಳ ನಡುವೆ ಸಣ್ಣ ಚುಕ್ಕೆಗಳಾಗಿ, ಹಳೆಯ ಎಲೆಗಳಲ್ಲಿ ಜಾಸ್ತಿ ಕಾಣುತ್ತದೆ. ನರದ ಮೇಲೆ ಚುಕ್ಕೆ ಇರುವುದಿಲ್ಲ. ರಸ್ತೆ ಪಕ್ಕ ಮಾತ್ರ ಬಂದಿದೆ ಅಂದರೆ ನನಗೆ ಓಜೋನ್ ಮೇಲೆ ಅನುಮಾನ ಕಡಿಮೆ. ಫೋಟೊ ಹಾಕುವುದಾದರೆ ಎಲೆಯ ಎರಡೂ ಬದಿ ಹಾಕಿ.