ಈಸಾಫ್ಯೋರ್ದುರ್‌ನಲ್ಲಿ ಮೂರು ರಾತ್ರಿ: ಏನು ನೋಡೋದು, ಹೇಗೆ ವಾಪಸ್ ಬರೋದು?

ಪ್ರಶ್ನೆ: ಜುಲೈನಲ್ಲಿ ಅಮ್ಮನ ಜೊತೆ ಐಸ್‌ಲ್ಯಾಂಡ್‌ನ ವಾಯವ್ಯ ಮೂಲೆಯ ಈಸಾಫ್ಯೋರ್ದುರ್‌ಗೆ ಹೋಗುತ್ತಿದ್ದೇನೆ. ಬಾಡಿಗೆ ಕಾರು ಇರುತ್ತದೆ. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯೋಕೆ ಆಗಲ್ಲ. ಮೂರು ರಾತ್ರಿ ಇದ್ದು ರಾಜಧಾನಿ ರೇಕ್ಯಾವಿಕ್‌ಗೆ ಬರಬೇಕು. ಡಿನ್ಯಾಂಡಿ ಜಲಪಾತ, ಲಾತ್ರಾಬ್ಯಾರ್ಗ್ ಬಂಡೆಸಾಲು ಎರಡನ್ನೂ ಅಲ್ಲಿಂದಲೇ ನೋಡಿ ಬರಬಹುದಾ? ಹೋದವರು ದಯವಿಟ್ಟು ಹೇಳಿ.

ಉತ್ತರ: ಲಾತ್ರಾಬ್ಯಾರ್ಗ್ ಈ ಸಲ ಬಿಡಿ. 14 ಕಿ.ಮೀ. ಉದ್ದದ ಆ ಬಂಡೆಸಾಲು ಅದ್ಭುತವೇ. ಆದರೆ ಈಸಾಫ್ಯೋರ್ದುರ್‌ನಿಂದ ಹೋಗಿ ಬರೋದರಲ್ಲೇ ದಿನ ಮುಗಿಯುತ್ತದೆ, ಅದೂ ಜಲ್ಲಿರಸ್ತೆ ಬೇರೆ. ಪಫಿನ್ ಹಕ್ಕಿ ನೋಡೋ ಆಸೆ ಇದ್ದರೆ ವಿಗುರ್ ದ್ವೀಪಕ್ಕೆ ಹೋಗಿ, ಊರಿನ ಬಂದರಿನಿಂದಲೇ ದೋಣಿ ಹೊರಡುತ್ತದೆ. ಪುಟ್ಟ ದ್ವೀಪ, ನಿಧಾನಕ್ಕೆ ನಡೆಸುತ್ತಾರೆ. ಬುಕ್ ಮಾಡುವಾಗಲೇ ಅಮ್ಮನ ಮಂಡಿ ವಿಷಯ ಹೇಳಿಬಿಡಿ. ದಡದಲ್ಲಿ ಒಂದು ಕೋಲು ಕೊಡುತ್ತಾರೆ, ತಲೆಗಿಂತ ಮೇಲೆ ಹಿಡಿದುಕೊಂಡೇ ನಡೀಬೇಕು. ಟರ್ನ್ ಹಕ್ಕಿಗಳು ಗೂಡಿನ ಹತ್ತಿರ ಬಂದವರ ಮೇಲೆ ಕಿರುಚುತ್ತಾ ಎರಗುತ್ತವೆ. ಎಲ್ಲಕ್ಕಿಂತ ಎತ್ತರದಲ್ಲಿರೋದನ್ನೇ ಕುಕ್ಕೋದು ಅವುಗಳ ರೂಢಿ, ಹಾಗಾಗಿ ಏಟು ಕೋಲಿಗೆ ಬೀಳುತ್ತದೆ. ಆಗಸ್ಟ್ ಮಧ್ಯದ ಹೊತ್ತಿಗೆ ಪಫಿನ್‌ಗಳು ಸಮುದ್ರಕ್ಕೆ ಹೊರಟುಬಿಡುತ್ತವೆ, ನಿಮ್ಮ ಜುಲೈ ಸರಿಯಾದ ಸಮಯ.

ಡಿನ್ಯಾಂಡಿಗೆ ಹೋಗಿ ಮತ್ತೆ ಈಸಾಫ್ಯೋರ್ದುರ್‌ಗೆ ಬರಬೇಡಿ. ಕೊನೆಯ ದಿನ ಸಾಮಾನು ಕಾರಿಗೆ ಹಾಕಿಕೊಂಡೇ ಹೊರಡಿ. ಜಲಪಾತ ನೋಡಿ ಅದೇ ದಾರಿಯಲ್ಲಿ ದಕ್ಷಿಣಕ್ಕೆ ಇಳಿದರೆ ಬ್ರ್ಯಾನ್ಸ್‌ಲೈಕುರ್ ಸಿಗುತ್ತದೆ. ಅಲ್ಲಿಂದ ಬಾಲ್ದುರ್ ಹಡಗು ಕಾರನ್ನೂ ಹೊತ್ತುಕೊಂಡು ಸುಮಾರು ಎರಡೂವರೆ ಗಂಟೆಯಲ್ಲಿ ರೇಕ್ಯಾವಿಕ್ ಕಡೆಯ ದಡದ ಸ್ಟಿಕ್ಕಿಸ್‌ಹೋಲ್ಮುರ್ ಊರಿಗೆ ಮುಟ್ಟಿಸುತ್ತದೆ. ಕಾರಿಗೆ ಜಾಗ ಮೊದಲೇ ಕಾಯ್ದಿರಿಸಿ. ಈಸಾಫ್ಯೋರ್ದುರ್‌ನಿಂದ ಡಿನ್ಯಾಂಡಿಗೆ ಹೋಗೋ ದಾರಿಯಲ್ಲಿ 2020ರಲ್ಲಿ 5.6 ಕಿ.ಮೀ. ಸುರಂಗ ತೆರೆದ ಮೇಲೆ ಹಳೇ ಘಟ್ಟದ ರಸ್ತೆ ಹತ್ತೋ ಕಷ್ಟವೂ ತಪ್ಪಿದೆ. ನೂರು ಮೀಟರ್ ಎತ್ತರದ ಡಿನ್ಯಾಂಡಿ ಕಾರು ನಿಲ್ಲಿಸೋ ಜಾಗದಿಂದಲೇ ಚೆನ್ನಾಗಿ ಕಾಣುತ್ತದೆ. ನೀವು ಮೇಲೆ ಹತ್ತಿ ಬರೋವರೆಗೆ ಅಮ್ಮ ಆರಾಮಾಗಿ ಕೂತು ನೋಡಬಹುದು.

ಇನ್ನೊಬ್ಬರು: ಈಸಾಫ್ಯೋರ್ದುರ್ ಊರಿನ ಪಕ್ಕದಲ್ಲೇ ಇರೋ ಇನ್ನೊಂದು ಸುರಂಗದ ಬಗ್ಗೆ ಒಂದು ಮಾತು. ಒಳಗೇ ಅದು ಕವಲೊಡೆಯುತ್ತದೆ, ಆಮೇಲೆ ಒಂದೇ ಗಾಡಿ ಹೋಗುವಷ್ಟು ಅಗಲ. ಬದಿಗೆ ಸರಿದು ನಿಲ್ಲೋ ಜಾಗ ನಿಮ್ಮ ಕಡೆ ಇದ್ದರೆ ನಿಲ್ಲಬೇಕಾದವರು ನೀವು. ಎದುರಿನ ದೀಪ ಕಂಡ ತಕ್ಷಣ ಸರಿದುಬಿಡಿ, ಗಾಬರಿ ಬೇಡ.

ಹಡಗಿನ ಟಿಕೆಟ್ ಸಿಗದಿದ್ದರೆ 61ನೇ ನಂಬರಿನ ರಸ್ತೆ ಹಿಡಿಯಿರಿ. ಒಂದೊಂದೇ ಫ್ಯೋರ್ಡ್‌ನ (ಬೆಟ್ಟಗಳ ನಡುವೆ ನುಗ್ಗಿದ ಕಡಲ ಚಾಚು) ಒಳಕ್ಕೆ ಹೋಗಿ ಹೊರಕ್ಕೆ ಬರೋ ದಾರಿ ಅದು. ಹಾಗಾಗಿ ರೇಕ್ಯಾವಿಕ್ ದಾರಿಯಲ್ಲಿ ಸಿಗೋ ಹೋಲ್ಮಾವಿಕ್ ಊರು ತಲುಪಲು ಇನ್ನೂರು ಕಿ.ಮೀ.ಗಿಂತ ಜಾಸ್ತಿ ಓಡಿಸಬೇಕು. ಪೆಟ್ರೋಲ್ ಊರಲ್ಲೇ ತುಂಬಿಸಿ. ಹ್ವೀತಾನೆಸ್‌ನಲ್ಲಿ ಕಾರು ನಿಲ್ಲಿಸಿ, ರಸ್ತೆ ಪಕ್ಕದ ಬಂಡೆಗಳ ಮೇಲೆ ಸೀಲ್ ಎಂಬ ಕಡಲಪ್ರಾಣಿಗಳು ಮಲಗಿರುತ್ತವೆ. ಸ್ವಲ್ಪ ಮುಂದೆ ಲಿಟ್ಲಿಬೈರ್ ಎಂಬ ಹುಲ್ಲುಹೆಂಟೆಯ ಹಳೇ ಮನೆಯಲ್ಲಿ ಬಿಸಿ ವಾಫಲ್, ಕಾಫಿ ಸಿಗುತ್ತದೆ. ಮೀನು ತಿನ್ನದವರಿಗೆ ಆ ಕಡೆ ಇದು ದೊಡ್ಡ ಸಮಾಧಾನ.

ಮತ್ತೊಬ್ಬರು: ಅಮ್ಮನಿಗೆ ಕಾರಿನಲ್ಲಿ ಕೂತು ಕಷ್ಟವಾದರೆ ವಿಮಾನ ಇದೆ, 40 ನಿಮಿಷದ ಹಾರಾಟ. ಆದರೆ ರನ್‌ವೇ ಇರೋದು ಬೆಟ್ಟಗಳ ನಡುವೆ, ಗಾಳಿ ಜೋರಾದರೆ ರದ್ದಾಗುತ್ತದೆ. ಅದು ಇಳಿಯೋದೂ ರೇಕ್ಯಾವಿಕ್ ಊರೊಳಗಿನ ನಿಲ್ದಾಣದಲ್ಲಿ. ಭಾರತದ ಕಡೆ ಹೊರಡೋ ವಿಮಾನ ಹಿಡಿಯಬೇಕಾದದ್ದು ಕೆಪ್ಲಾವಿಕ್‌ನಲ್ಲಿ, ಅದು ಸುಮಾರು 50 ಕಿ.ಮೀ. ದೂರ. ನಡುವೆ ಒಂದು ರಾತ್ರಿ ರೇಕ್ಯಾವಿಕ್‌ನಲ್ಲಿ ಇಟ್ಟುಕೊಳ್ಳಿ.