ಸಹಾಯ ಬೇಕು: ಮುಚ್ಚಳ ಮುಚ್ಚಿ ತೆರೆದರೆ ವೈಫೈ ಮಾಯ

ನಮಸ್ಕಾರ ರೀ, ವಿಜಯಪುರದಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ 2009ರ ಲ್ಯಾಪ್‌ಟಾಪ್ ಒಂದಿದೆ, ರ‍್ಯಾಮ್ 2 ಜಿಬಿ. ತಂಗಿಯ ಮಗಳ ಓದಿಗೆ ಆಗಲಿ ಅಂತ ಲಿನಕ್ಸ್ ಮಿಂಟ್ (ವಿಂಡೋಸ್ ಥರದ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿದೆ. ಸ್ಪೀಕರ್, ಟಚ್‌ಪ್ಯಾಡ್ ತಾವಾಗಿಯೇ ಬಂದವು. ವೈಫೈ ಮಾತ್ರ ಇಲ್ಲ. ಡಿಮೆಸೇಜ್ (ಸಿಸ್ಟಂ ಸಂದೇಶ ತೋರಿಸುವ ಕಮಾಂಡ್) ನೋಡಿದರೆ ಯುಕೋಡ್15 ಅನ್ನೋ ಫರ್ಮ್‌ವೇರ್ (ಚಿಪ್ಪು ನಡೆಯಲು ಬೇಕಾದ ಸಾಫ್ಟ್‌ವೇರ್) ಫೈಲ್ ಸಿಗುತ್ತಿಲ್ಲ ಅಂತಿತ್ತು. ವೈಫೈ ಚಿಪ್ಪಿನ ಐಡಿ 14ಇ4:4315. ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಅದರ ನೆಟ್‌ನಲ್ಲೇ ಬಿ43 ಫರ್ಮ್‌ವೇರ್ ಇಳಿಸಿದೆ. ರೀಸ್ಟಾರ್ಟ್ ಆದ ಮೇಲೆ ವೈಫೈನ ನೀಲಿ ದೀಪ ಹತ್ತಿತು!

ಈಗ ಹೊಸ ತಲೆನೋವು. ಮುಚ್ಚಳ ಮುಚ್ಚಿ ತೆರೆದರೆ ವೈಫೈ ಇರಲ್ಲ. ಟರ್ಮಿನಲ್‌ನಲ್ಲಿ ಬಿ43 ಮಾಡ್ಯೂಲ್ (ವೈಫೈ ಡ್ರೈವರ್) ತೆಗೆದು, ಮೋಡ್‌ಪ್ರೋಬ್ ಕಮಾಂಡ್‌ನಿಂದ ಮತ್ತೆ ಹಾಕಿದರೆ ಬರುತ್ತದೆ. ಹತ್ತನೇ ಕ್ಲಾಸಿನ ಹುಡುಗಿ ದಿನಾ ಇದನ್ನೇ ಮಾಡ್ತಾ ಕೂರೋಕಾಗುತ್ತಾ? ಲ್ಯಾಪ್‌ಟಾಪ್ ನಿದ್ದೆಯಿಂದ (ಸ್ಲೀಪ್) ಎದ್ದ ಕೂಡಲೇ ತಾನೇ ಓಡುವ ಹಾಗೆ ಈ ಕಮಾಂಡ್‌ಗಳ ಸ್ಕ್ರಿಪ್ಟ್ ಎಲ್ಲಿಡಬೇಕು? ಮಾಡಿದವರು ಇದ್ದರೆ ಹೇಳ್ರಿ. ಹೊಸದು ತಗೊಳ್ಳಿ ಅಂತ ಮಾತ್ರ ಅನ್ನಬೇಡಿ, ಕೀಬೋರ್ಡ್ ಇನ್ನೂ ಗಟ್ಟಿಯಾಗಿದೆ.